ಐಸಿಯು ಆಮೇಲೆ, ಮೊದಲು ಓಪಿಡಿ ಬಾಗಿಲು ನೋಡಿ

ಮಕ್ಕಳ ಐಸಿಯು ಉದ್ಘಾಟನೆ ಅಂದರೆ ಟೇಪು, ಕತ್ತರಿ, ಶಾಲು, ಹಾರ. ವೆಂಟಿಲೇಟರ್ ಪಕ್ಕ ನಿಂತು ಒಂದು ಫೋಟೋ. ಐಸಿಯು ಬೇಡ ಅಂತ ನಾನು ಹೇಳುತ್ತಿಲ್ಲ, ಖಂಡಿತ ಬೇಕು. ಆದರೆ ಮಕ್ಕಳ ವಾರ್ಡಿನಲ್ಲಿ ವರ್ಷಗಟ್ಟಲೆ ಡ್ಯೂಟಿ ಮಾಡಿದ ಸ್ಟಾಫ್ ನರ್ಸ್ ನಾನು. ನನ್ನ ತಕರಾರು ಬೇರೆ. ಆ ಮಂಚದವರೆಗೆ ಮಗು ತಲುಪುವುದು ಹೇಗೆ ಅಂತ ಯಾರೂ ಕೇಳುವುದಿಲ್ಲ.

ಸೋಮವಾರ ಬೆಳಿಗ್ಗೆ ಯಾವುದಾದರೂ ತಾಲ್ಲೂಕು ಆಸ್ಪತ್ರೆಗೆ ಹೋಗಿ ನೋಡಿ. ಚೀಟಿ ಮಾಡಿಸಲು ಒಂದು ಕ್ಯೂ, ಡಾಕ್ಟರ ರೂಮಿನ ಮುಂದೆ ಇನ್ನೊಂದು. ನೆಗಡಿಯಾದ ಮಗು ಕಿರುಚಾಡುತ್ತಿರುತ್ತದೆ, ಎಲ್ಲರ ಕಣ್ಣೂ ಅದರ ಮೇಲೆ. ನಾಲ್ಕು ಜನರ ಹಿಂದೆ ಅಜ್ಜಿಯೊಬ್ಬರ ತೊಡೆಯ ಮೇಲೆ ಟವೆಲ್ ಸುತ್ತಿದ ಇನ್ನೊಂದು ಮಗು. ಸದ್ದೇ ಇಲ್ಲ. ‘ಈಗಷ್ಟೇ ನಿದ್ದೆ ಹತ್ತಿತು ಸಿಸ್ಟರ್’ ಅನ್ನುತ್ತಾರೆ. ಟವೆಲ್ ಸರಿಸಿದರೆ ಉಸಿರು ಎಳೆದಾಗಲೆಲ್ಲ ಪಕ್ಕೆ ಒಳಗೆ ಹೋಗುತ್ತಿದೆ, ಮೂಗಿನ ಹೊಳ್ಳೆ ಅರಳುತ್ತಿದೆ, ಅಂಗೈ ತಣ್ಣಗಿದೆ. ಅದಕ್ಕೆ ಅಳಲೂ ಶಕ್ತಿ ಉಳಿದಿಲ್ಲ. ಅಳುವ ಮಗುವಿಗಿಂತ ಅಳದ ಮಗುವಿಗೆ ಹೆದರಬೇಕು ಅಂತ ವಾರ್ಡಿನಲ್ಲಿ ಹೊಸಬರಿಗೆ ಹೇಳಿಕೊಡುತ್ತೇವೆ. ಕ್ಯೂನಲ್ಲಿ ಅದನ್ನು ನೋಡುವವರು ಯಾರು?

ಆಫ್ರಿಕಾದ ಮಲಾವಿಯಲ್ಲಿ ಬ್ಲಾಂಟೈರ್ ಅಂತ ಊರು. ಅಲ್ಲಿನ ಕ್ವೀನ್ ಎಲಿಜಬೆತ್ ಸೆಂಟ್ರಲ್ ಆಸ್ಪತ್ರೆಯಲ್ಲೂ ಇದೇ ಗೋಳಿತ್ತು. ಲಸಿಕೆಗೆ ಬಂದವರು, ಮಾಮೂಲಿ ಕಾಯಿಲೆಯವರು, ಜೀವ ಹೋಗುವ ಸ್ಥಿತಿಯಲ್ಲಿರುವ ಮಕ್ಕಳು, ಎಲ್ಲ ಒಂದೇ ಕಡೆ. ಮಕ್ಕಳ ಡಾಕ್ಟರ್ ಎಲಿಜಬೆತ್ ಮಾಲಿನ್ಯೂ ಮತ್ತು ಅವರ ಜೊತೆಯವರು ಸಿಬ್ಬಂದಿಗೆ ತುರ್ತು ಚಿಕಿತ್ಸೆಯ ತರಬೇತಿ ಕೊಡಿಸಿದರು. ಯಾವ ಮಗುವನ್ನು ಮೊದಲು ನೋಡಬೇಕು ಅಂತ ಬಾಗಿಲಲ್ಲೇ ವಿಂಗಡಿಸುವ ಪದ್ಧತಿ ತಂದರು. ಜಾಗವನ್ನೂ ಅದಕ್ಕೆ ತಕ್ಕಂತೆ ಬದಲಿಸಿ 2001ರಲ್ಲಿ ವಿಭಾಗವನ್ನು ಮತ್ತೆ ತೆರೆದರು. ಅದಕ್ಕೆ ಮುಂಚೆ ಅಡ್ಮಿಟ್ ಆದ ನೂರು ಮಕ್ಕಳಲ್ಲಿ 10ರಿಂದ 18 ಮಕ್ಕಳು ಸಾಯುತ್ತಿದ್ದರು. ಆಮೇಲೆ ಅದು 6ರಿಂದ 8ಕ್ಕೆ ಇಳಿಯಿತು. ಬೇರೆ ಕಾರಣಗಳೂ ಸ್ವಲ್ಪ ಸೇರಿರಬಹುದು. ಆದರೂ ಕಡಿಮೆ ಮಾತಲ್ಲ, ಅಲ್ವಾ?

ಹೀಗೆ ಬಾಗಿಲಲ್ಲೇ ವಿಂಗಡಿಸುವುದಕ್ಕೆ ಟ್ರಯಾಜ್ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ತರಬೇತಿ ಪುಸ್ತಕದಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ವಿಷಯ. ಗೇಟಿನಲ್ಲಿ ನಿಲ್ಲುವವರು, ಚೀಟಿ ಬರೆಯುವವರು, ಕಸ ಗುಡಿಸುವವರು, ಇವರಿಗೂ ಅಪಾಯದ ಲಕ್ಷಣ ಕಲಿಸಿ ಅನ್ನುತ್ತದೆ ಅದು. ಉಸಿರಾಟಕ್ಕೆ ಒದ್ದಾಟ, ನಾಲಿಗೆ ನೀಲಿ, ಕೈ ತಣ್ಣಗೆ, ಪ್ರಜ್ಞೆ ಇಲ್ಲ, ಫಿಟ್ಸ್, ಭೇದಿಯಾಗಿ ಕಣ್ಣು ಗುಳಿಬಿದ್ದು ಸೋತುಹೋಗಿರುವುದು. ಇದರಲ್ಲಿ ಯಾವುದಕ್ಕೆ ಎಂಬಿಬಿಎಸ್ ಬೇಕು? ನಮ್ಮ ಸೆಕ್ಯುರಿಟಿ ಅಣ್ಣಂದಿರು ದಿನವಿಡೀ ಜನರನ್ನು ಗದರಿಸುತ್ತಾ ನಿಂತಿರುತ್ತಾರೆ. ಅವರೇ ‘ಅಮ್ಮಾ, ಈ ಮಗುವನ್ನು ಒಳಗೆ ಕರೆದುಕೊಂಡು ಬನ್ನಿ, ಚೀಟಿ ಆಮೇಲೆ’ ಅಂದರೆ ಸಾಕು.

ರೆಫರ್ ಆಗಿ ಬಂದ ಮಗುವನ್ನೂ ಬೇಗ ನೋಡಬೇಕು ಅನ್ನುತ್ತದೆ ಅದೇ ಪುಸ್ತಕ. ನಮ್ಮಲ್ಲಿ 2008ರಿಂದ 108 ಆಂಬುಲೆನ್ಸ್ ಇದೆ. ತಾಲ್ಲೂಕಿನಿಂದ ಜಿಲ್ಲೆಗೆ ಸೈರನ್ ಹಾಕಿಕೊಂಡು ಹೋಗುತ್ತದೆ. ಅಲ್ಲಿ ಇಳಿದ ಮೇಲೆ ಅಪ್ಪ ಮತ್ತೆ ಚೀಟಿ ಕ್ಯೂನಲ್ಲಿ! ಹೊರಡುವ ಮುಂಚೆ ಆ ಕಡೆಗೆ ಒಂದು ಫೋನ್ ಮಾಡಲು ಎಷ್ಟು ಹೊತ್ತು ಬೇಕು?

ಇನ್ನು ಸಾಮಾನಿನ ವಿಷಯ. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ತೋರಿಸುವ ಪಲ್ಸ್ ಆಕ್ಸಿಮೀಟರ್ ಈಗ ಎಲ್ಲ ಕಡೆ ಇದೆ, ಕೋವಿಡ್ ಕೃಪೆ. ಆದರೆ ದೊಡ್ಡವರ ಕ್ಲಿಪ್ಪು. ಆರು ತಿಂಗಳ ಕೂಸಿನ ಬೆರಳಿಗೆ ಹಾಕಿದರೆ ಜಾರಿ ಬೀಳುತ್ತದೆ. ಹಿಡಿದುಕೊಂಡು ಕೂತರೆ ಒಮ್ಮೆ 78, ಮರುಗಳಿಗೆ 97, ಆಮೇಲೆ ಬರೀ ಗೆರೆ. ಯಾವುದನ್ನು ನಂಬುವುದು? ಪಾದಕ್ಕೆ ಸುತ್ತುವ ಮಕ್ಕಳ ಪ್ರೋಬ್ ಬೇರೆಯೇ ಬರುತ್ತದೆ, ವೆಂಟಿಲೇಟರ್ ಬೆಲೆಯ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಇಂಡೆಂಟ್‌ನಲ್ಲಿ, ಅಂದರೆ ಆಸ್ಪತ್ರೆಗೆ ಬೇಕಾದ ಸಾಮಾನಿನ ಪಟ್ಟಿಯಲ್ಲಿ, ಅದನ್ನು ಬರೆಸುವಷ್ಟರಲ್ಲಿ ಸಾಕುಬೇಕಾಗುತ್ತದೆ. ಫಿಟ್ಸ್ ಬಂದ ಮಗುವಿನ ಸಕ್ಕರೆ ನೋಡಲು ಗ್ಲುಕೋಮೀಟರ್ ಇದ್ದು ಸ್ಟ್ರಿಪ್ ಖಾಲಿ ಆಗಿರುವುದೂ ಇದೇ ಕಥೆ.

ಮಿಷನ್ ತಂದಿಟ್ಟರೆ ಆಯಿತು ಅನ್ನುವವರಿಗೆ ಎರಡು ಪ್ರಯೋಗಗಳ ಬಗ್ಗೆ ಹೇಳಬೇಕು. ಢಾಕಾದಲ್ಲಿ ಡಾ. ಜುಬಾಯರ್ ಚಿಸ್ತಿ ಅವರ ತಂಡ ಉಸಿರಾಟಕ್ಕೆ ನೆರವಾಗುವ ಬಬಲ್ ಸಿಪ್ಯಾಪ್ ಅನ್ನುವ ಸಾಧನವನ್ನು ಅಗ್ಗವಾಗಿ ಮಾಡಿತು. ಕೊಳವೆಯ ತುದಿಯನ್ನು ನೀರಿರುವ ಶಾಂಪೂ ಬಾಟಲಿಯಲ್ಲಿ ಮುಳುಗಿಸಿದರೆ, ಮಗು ಉಸಿರು ಬಿಟ್ಟಾಗ ಗುಳ್ಳೆ ಏಳುತ್ತದೆ. ಆ ಒತ್ತಡಕ್ಕೆ ಶ್ವಾಸಕೋಶ ಮುಚ್ಚಿಕೊಳ್ಳುವುದಿಲ್ಲ. 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಾಮೂಲಿ ಆಕ್ಸಿಜನ್ ಪಡೆದ ನ್ಯುಮೋನಿಯಾ ಮಕ್ಕಳಲ್ಲಿ ಶೇ. 15 ಮಂದಿ ತೀರಿಕೊಂಡರೆ, ಬಬಲ್ ಸಿಪ್ಯಾಪ್ ಪಡೆದವರಲ್ಲಿ ಶೇ. 4. ಎಲ್ಲರೂ ಕುಣಿದಾಡಿದರು. ಆಮೇಲೆ ಮಲಾವಿಯ ಒಂದು ಜಿಲ್ಲಾ ಆಸ್ಪತ್ರೆಯಲ್ಲಿ ಬಬಲ್ ಸಿಪ್ಯಾಪ್‌ನ ಇನ್ನೊಂದು ಪ್ರಯೋಗ ನಡೆಯಿತು. ಅಲ್ಲಿ ದಿನವೂ ಬಂದು ನೋಡುವ ಡಾಕ್ಟರ್ ಇರಲಿಲ್ಲ. ತೀವ್ರ ನ್ಯುಮೋನಿಯಾದ ಜೊತೆಗೆ ಬೇರೆ ಅಪಾಯವೂ ಇದ್ದ ಮಕ್ಕಳವು. 2019ರಲ್ಲಿ ಫಲಿತಾಂಶ ಬಂದಾಗ ಲೆಕ್ಕ ಉಲ್ಟಾ ಆಗಿತ್ತು. ಆಕ್ಸಿಜನ್ ಗುಂಪಿನಲ್ಲಿ ಶೇ. 11, ಸಿಪ್ಯಾಪ್ ಗುಂಪಿನಲ್ಲಿ ಶೇ. 17 ಸಾವು. ಮಕ್ಕಳೂ ಬೇರೆ, ಆಸ್ಪತ್ರೆಯೂ ಬೇರೆ, ನಿಜ. ಆದರೆ ಪಕ್ಕದಲ್ಲಿ ನಿಂತು ನೋಡುವವರಿಲ್ಲದ ಕಡೆ ಮಿಷನ್ ಬಿಟ್ಟು ಬಂದರೆ ಏನಾಗಬಹುದು ಅನ್ನುವುದು ನನಗಂತೂ ಅರ್ಥವಾಯಿತು.

‘ಒಂದು ಬಾಟಲಿ ಏರಿಸಿ ಸಿಸ್ಟರ್’ ಅನ್ನುವ ನಮ್ಮ ಜನರ ಡ್ರಿಪ್ ಹುಚ್ಚಿಗೂ ಇಂಥದ್ದೇ ಉತ್ತರ ಇದೆ. ಕೀನ್ಯಾ, ಉಗಾಂಡ, ತಾಂಜಾನಿಯಾದಲ್ಲಿ ಮೂರು ಸಾವಿರಕ್ಕೂ ಜಾಸ್ತಿ ಮಕ್ಕಳ ಮೇಲೆ ನಡೆದ ಪ್ರಯೋಗ 2011ರಲ್ಲಿ ಬಂತು. ಜ್ವರದಿಂದ ಶಾಕ್‌ಗೆ ಹೋದ, ಅಂದರೆ ರಕ್ತ ಸಂಚಾರ ಕುಸಿದ ಮಕ್ಕಳಿಗೆ ಸರ್ರನೆ ಡ್ರಿಪ್ ಏರಿಸಿದಾಗ ಸಾವು ಹೆಚ್ಚಾಯಿತು, ಕಡಿಮೆಯಾಗಲಿಲ್ಲ. ವಾಂತಿ ಭೇದಿಯಾಗಿ ಒಣಗಿದ ಮಗುವಿನ ವಿಷಯ ಬೇರೆ, ಅದಕ್ಕೆ ನೀರು ಬೇಕೇ ಬೇಕು.

‘ಸ್ಟಾಫ್ ಎಲ್ಲಿದ್ದಾರೆ?’ ಅಂತ ಕೇಳುತ್ತೀರಿ. ಸರಿಯಾದ ಪ್ರಶ್ನೆ. ನೈಟ್ ಡ್ಯೂಟಿಯಲ್ಲಿ ಇಡೀ ವಾರ್ಡಿಗೆ ಒಬ್ಬಳೇ ಇರುವ ನರ್ಸ್‌ಗೆ ಟ್ರಯಾಜ್ ಕೂಡ ನೀನೇ ಮಾಡು ಅಂದರೆ ಅದು ಸುಮ್ನೆ ಆದೇಶದ ಕಾಗದ ಅಷ್ಟೇ. ತರಬೇತಿ ಪಡೆದವಳನ್ನು ಆರು ತಿಂಗಳಿಗೆ ಲಸಿಕೆ ಅಭಿಯಾನಕ್ಕೋ ಬೇರೆ ವಾರ್ಡಿಗೋ ಎತ್ತಂಗಡಿ ಮಾಡುವುದನ್ನಾದರೂ ನಿಲ್ಲಿಸಿ. ಅದಕ್ಕೆ ಹೊಸ ಹುದ್ದೆಯೇನೂ ಬೇಡ.

ನಿಮ್ಮ ತಾಲ್ಲೂಕಿನ ಆರೋಗ್ಯ ರಕ್ಷಾ ಸಮಿತಿಯಲ್ಲಿ ಗೊತ್ತಿರುವವರು ಇದ್ದೇ ಇರುತ್ತಾರೆ. ಮುಂದಿನ ಸಭೆಯಲ್ಲಿ ಎರಡು ಮಾತು ಕೇಳಿಸಿ. ಕ್ಯಾಷುವಾಲ್ಟಿಯಲ್ಲಿ ಮಕ್ಕಳ ಪ್ರೋಬ್, ಮಕ್ಕಳ ಮಾಸ್ಕ್ ಇದೆಯಾ, ಇದ್ದರೆ ತೆಗೆದು ತೋರಿಸಿ. ಬೆಳಿಗ್ಗೆ ಒಂಬತ್ತರಿಂದ ಓಪಿಡಿ ಕ್ಯೂನಲ್ಲಿ ಮಕ್ಕಳನ್ನು ನೋಡಿಕೊಂಡು ಓಡಾಡುವವರು ಯಾರು, ಹೆಸರು ಹೇಳಿ.