ಹೊಸ ಕೆಲಸಕ್ಕೆ ಬನ್, ಬಯೋಮ್ ಹಿಡಿಯಬೇಕೇ? ಪರ-ವಿರೋಧ

ಬಳ್ಳಾರಿಯ ಜೀನ್ಸ್ ಘಟಕಗಳಿಗೆ ಬೇಕಾದ ತಂತ್ರಾಂಶ ದೊಡ್ಡದಲ್ಲ: ಲಾಟ್‌ಗಳ ಓಡಾಟ, ಪೀಸ್ ರೇಟ್, ವಾರದ ಬಟವಾಡೆ. ಊರಿನಲ್ಲೇ ಕುಳಿತು ಇದನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಬರೆಯಹೊರಟ ನಾಲ್ಕೈದು ಜನರ ತಂಡ, ಬರೆದದ್ದನ್ನು ಓಡಿಸುವ ನೋಡ್‌ಜೆಎಸ್ ಮತ್ತು ಕೋಡ್‌ನ ತಪ್ಪು ಹಿಡಿಯುವ ಇಎಸ್‌ಲಿಂಟ್ ಬದಿಗಿಟ್ಟು, ಅವೇ ಕೆಲಸಗಳಿಗೆ ಬಂದ ಹೊಸ ಸಾಧನಗಳಾದ ಬನ್ ಮತ್ತು ಬಯೋಮ್ ಹಿಡಿಯಬೇಕೇ?

ಪರ

ಖಂಡಿತ ಹಿಡಿಯಬೇಕು. ರಯಾನ್ ಡಾಲ್ 2009ರಲ್ಲಿ ನೋಡ್ ತಂದಾಗ ಟೈಪ್‌ಸ್ಕ್ರಿಪ್ಟ್ (ಯಾವ ಮೌಲ್ಯ ಸಂಖ್ಯೆ, ಯಾವುದು ಪಠ್ಯ ಎಂಬ ‘ಟೈಪ್’ ನಮೂದಿಸಬಲ್ಲ ಜಾವಾಸ್ಕ್ರಿಪ್ಟ್) ಇನ್ನೂ ಹುಟ್ಟಿರಲಿಲ್ಲ. ಆಮೇಲೆ ಒಂದೊಂದು ಕೊರತೆಗೆ ಒಂದೊಂದು ಸಾಧನ ಬಂತು. ಪರೀಕ್ಷೆಗೆ ಜೆಸ್ಟ್, ಫೈಲುಗಳನ್ನು ಒಂದಾಗಿ ಕಟ್ಟಲು ವೆಬ್‌ಪ್ಯಾಕ್, ತಪ್ಪು ಹಿಡಿಯಲು 2013ರಲ್ಲಿ ಇಎಸ್‌ಲಿಂಟ್, ಕೋಡ್ ಓರಣಗೊಳಿಸಲು 2017ರಲ್ಲಿ ಪ್ರೆಟಿಯರ್. ಪ್ರತಿಯೊಂದಕ್ಕೂ ತನ್ನದೇ ಕಾನ್ಫಿಗ್ ಫೈಲು, ಅಂದರೆ ಅದು ಹೇಗೆ ನಡೆಯಬೇಕೆಂದು ಬರೆದಿಟ್ಟ ಫೈಲು. ಇಎಸ್‌ಲಿಂಟ್‌ ಮತ್ತು ಪ್ರೆಟಿಯರ್ ಒಂದೇ ಸಾಲಿನ ಮೇಲೆ ಜಗಳವಾಡದಂತೆ ನೋಡಿಕೊಳ್ಳಲು ಮತ್ತೊಂದು ಪ್ಯಾಕೇಜು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್.

ಇದರ ಹೊರೆ ಹೊರುವವರು ಹೊಸಬರು. ಇಲ್ಲಿನ ಕಾಲೇಜಿನಿಂದ ಆಗತಾನೇ ಬಂದ ಹುಡುಗಿಗೆ ಬಟವಾಡೆಯ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ, ಏಕೆಂದರೆ ಮನೆಯಲ್ಲಿ ಯಾರೋ ಒಬ್ಬರು ಹೊಲಿಗೆ ಯಂತ್ರದ ಮುಂದೆ ಕುಳಿತವರೇ. ಆದರೆ ಕೆಲಸಕ್ಕೆ ಸೇರಿದ ದಿನ ಅವಳ ಎದುರು ನಿಲ್ಲುವುದು ಲೆಕ್ಕವಲ್ಲ, ಕಾನ್ಫಿಗ್ ಫೈಲುಗಳ ರಾಶಿ. ಅದೂ ಸಾಲದೆಂಬಂತೆ 2024ರ ಏಪ್ರಿಲ್‌ನಲ್ಲಿ ಬಂದ ಇಎಸ್‌ಲಿಂಟ್ 9 ಕಾನ್ಫಿಗ್ ಬರೆಯುವ ರೀತಿಯನ್ನೇ ಬದಲಿಸಿತು. ಹಳೆಯ ಪಾಠ ನೋಡಿ ಕಲಿತವರು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು.

2023ರ ಸೆಪ್ಟೆಂಬರ್‌ನಲ್ಲಿ 1.0 ಆದ ಬನ್‌ನಲ್ಲಿ ರನ್‌ಟೈಮ್ (ಕೋಡ್ ಓಡಿಸುವ ಭಾಗ), ಪ್ಯಾಕೇಜ್ ತರುವ ವ್ಯವಸ್ಥೆ, ಪರೀಕ್ಷೆ, ಬಂಡ್ಲರ್ (ಫೈಲುಗಳನ್ನು ಕಟ್ಟುವ ಭಾಗ) ಎಲ್ಲವೂ ಒಂದರಲ್ಲೇ ಇವೆ. ಟೈಪ್‌ಸ್ಕ್ರಿಪ್ಟ್ ಫೈಲನ್ನು ಕೊಟ್ಟರೆ ಹಾಗೇ ಓಡಿಸುತ್ತದೆ. ಒಮ್ಮೆ ಇಳಿಸಿದ ಪ್ಯಾಕೇಜನ್ನು ಒಂದೆಡೆ ಇಟ್ಟುಕೊಂಡು ಮುಂದಿನ ಪ್ರಾಜೆಕ್ಟಿಗೂ ಅದನ್ನೇ ಬಳಸುವುದರಿಂದ, ಮೊಬೈಲ್ ಹಾಟ್‌ಸ್ಪಾಟ್ ನಂಬಿ ಕೆಲಸ ಮಾಡುವವರಿಗೆ ಡೇಟಾ ಉಳಿಯುತ್ತದೆ. ರಸ್ಟ್ ಭಾಷೆಯಲ್ಲಿ ಬರೆದ ಬಯೋಮ್ ತಪ್ಪು ಹಿಡಿಯುವ ಲಿಂಟರ್ ಕೂಡ ಹೌದು, ಓರಣಗೊಳಿಸುವ ಫಾರ್ಮ್ಯಾಟರ್ ಕೂಡ ಹೌದು. ಕಾನ್ಫಿಗ್ ಫೈಲು ಒಂದೇ.

ವೇಗವನ್ನು ಶೋಕಿ ಎಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಲಿಂಟರ್ ತೆವಳತೊಡಗಿದರೆ ಜನ ಅದನ್ನು ಆಫ್ ಮಾಡುತ್ತಾರೆ. ಆಫ್ ಮಾಡಿದ ಲಿಂಟರ್‌ನಲ್ಲಿ ಎಷ್ಟು ನಿಯಮಗಳಿದ್ದರೇನು?

ವಿರೋಧ

ಈ ವಾದದಲ್ಲಿ ಎರಡು ಬೇರೆ ಪ್ರಶ್ನೆಗಳು ಕಲಸಿಹೋಗಿವೆ. ಲಿಂಟರ್ ಇರುವುದು ನಮ್ಮ ಮೇಜಿನ ಮೇಲೆ. ಅದು ಕೈಕೊಟ್ಟರೆ ನಮ್ಮ ಒಂದು ಮಧ್ಯಾಹ್ನ ಹಾಳು, ಅಷ್ಟೆ. ರನ್‌ಟೈಮ್ ಇರುವುದು ಗಿರಾಕಿಯ ಘಟಕದಲ್ಲಿ. ಅದು ಕೈಕೊಟ್ಟರೆ ಶನಿವಾರ ಸಂಜೆ ಬಟವಾಡೆ ನಿಲ್ಲುತ್ತದೆ, ಹೊಲಿದವರು ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ.

ಆ ಘಟಕದ ಕಂಪ್ಯೂಟರ್ ಎಂಥದ್ದು ಎಂದು ನೋಡಬೇಕು. ಬನ್‌ನ ಮಾಮೂಲು ಆವೃತ್ತಿ ಓಡಲು ಪ್ರೊಸೆಸರ್‌ನಲ್ಲಿ ಎವಿಎಕ್ಸ್2 ಎಂಬ ಸೂಚನೆಗಳ ಗುಂಪು ಇರಬೇಕು. 2013ಕ್ಕಿಂತ ಹಿಂದಿನ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಅದಿಲ್ಲ. ಆಮೇಲೆ ಬಂದ ಹಲವು ಅಗ್ಗದ ಪೆಂಟಿಯಂ, ಸೆಲೆರಾನ್‌ಗಳಲ್ಲೂ ಇಲ್ಲ. ಅವಕ್ಕೆಂದೇ ಬೇಸ್‌ಲೈನ್ ಎಂಬ ಬೇರೆ ಆವೃತ್ತಿ ಇದೆ, ಸರಿ. ಆದರೆ ಯಾವ ಘಟಕದಲ್ಲಿ ಯಾವುದನ್ನು ಹಾಕಿದ್ದೇವೆ ಎಂಬ ಪಟ್ಟಿಯನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವವರು ಯಾರು? ನೋಡ್‌ನಲ್ಲಿ ಈ ತಲೆನೋವಿಲ್ಲ. ಅದರ ಸಮಸಂಖ್ಯೆಯ ಆವೃತ್ತಿಗಳು ದೀರ್ಘಾವಧಿ ಬೆಂಬಲಕ್ಕೆ ಬಂದ ಮೇಲೆ 30 ತಿಂಗಳು ದೊಡ್ಡ ದೋಷಗಳಿಗೆ ದುರಸ್ತಿ ಸಿಗುತ್ತಿರುತ್ತದೆ. ಒಮ್ಮೆ ಹಾಕಿ ಬಂದ ಮೇಲೆ ಮುಂದಿನ ಜೀನ್ಸ್ ಸೀಸನ್‌ವರೆಗೆ ಅತ್ತ ಹೋಗದ ತಂಡಕ್ಕೆ ಇದಕ್ಕಿಂತ ದೊಡ್ಡ ಸೌಲಭ್ಯ ಬೇರೆ ಬೇಕಿಲ್ಲ.

ಕೊರತೆಗಳ ಮಾತೂ ಹಳೆಯದಾಯಿತು. ನೋಡ್ 20ರಲ್ಲಿ ಪರೀಕ್ಷೆಯ ವ್ಯವಸ್ಥೆ ಒಳಗೇ ಇದೆ. 22.18ರಿಂದ ಸಾಮಾನ್ಯ ಟೈಪ್‌ಸ್ಕ್ರಿಪ್ಟ್ ಫೈಲುಗಳು ನೇರವಾಗಿ ಓಡುತ್ತವೆ. ಡೇಟಾ ಉಳಿಸಬೇಕೆಂದರೆ, ಇಳಿಸಿದ ಪ್ಯಾಕೇಜನ್ನು ಹಾಗೆಯೇ ಒಂದೆಡೆ ಇಟ್ಟು ಮತ್ತೆ ಬಳಸುವ ಪಿಎನ್‌ಪಿಎಂ ಇದೆ. ಬನ್‌ಗೆ ಮಾತ್ರ ಸೇರಿದ ಸವಲತ್ತುಗಳನ್ನು, ಉದಾಹರಣೆಗೆ ಅದರೊಳಗಿನ ಎಸ್‌ಕ್ಯೂಲೈಟ್ ಡೇಟಾಬೇಸ್ ಅನ್ನು, ನೆಚ್ಚಿಕೊಂಡು ಬರೆದರೆ ನಾಳೆ ನೋಡ್‌ಗೆ ಹಿಂತಿರುಗುವಾಗ ಆ ಭಾಗವನ್ನೆಲ್ಲ ಮತ್ತೆ ಬರೆಯಬೇಕು.

ಇನ್ನು ಲಿಂಟರ್. ವೇಗದ ಮಾತನ್ನು ನಾನೂ ಒಪ್ಪುತ್ತೇನೆ, ಆದರೆ ಅದು ಹಿಡಿಯುವ ತಪ್ಪು ಯಾವುದು ಎಂಬುದು ಮುಖ್ಯ. ಐನೂರು ಪೀಸ್‌ಗಳ ಲಾಟ್ ವಾಷಿಂಗ್‌ಗೆ ಹೋಯಿತು ಎಂದು ಡೇಟಾಬೇಸ್‌ಗೆ ಬರೆಯುವ ಫಂಕ್ಷನ್ ಇದೆ ಎಂದುಕೊಳ್ಳಿ. ಅದನ್ನು ಕರೆಯುವಾಗ ಅವೇಟ್ (ಕೆಲಸ ಮುಗಿಯುವವರೆಗೆ ಕಾಯಲು ಹೇಳುವ ಪದ) ಹಾಕಲು ಮರೆತರೆ, ಬರೆಯುವ ಕೆಲಸ ಮುಗಿಯುವ ಮೊದಲೇ ಪರದೆಯ ಮೇಲೆ ‘ಉಳಿಸಲಾಗಿದೆ’ ಎಂದು ಬರುತ್ತದೆ. ಆ ಕ್ಷಣಕ್ಕೆ ಕರೆಂಟು ಹೋದರೆ ದಾಖಲೆಯೇ ಇಲ್ಲ. ವಾಷಿಂಗ್‌ನವರು ಬಂದಿಲ್ಲ ಎನ್ನುತ್ತಾರೆ, ಘಟಕದವರು ಕಳುಹಿಸಿದ್ದೇವೆ ಎನ್ನುತ್ತಾರೆ, ಇಬ್ಬರೂ ನಮ್ಮ ಕಡೆ ಬೆರಳು ತೋರಿಸುತ್ತಾರೆ. ಬಟವಾಡೆಯ ತಂತ್ರಾಂಶದಲ್ಲಿ ಇದಕ್ಕಿಂತ ಅಪಾಯದ ತಪ್ಪು ನನಗೆ ಗೊತ್ತಿಲ್ಲ. ಕಣ್ಣಿಗೆ ಇಷ್ಟು ಸುಲಭವಾಗಿ ತಪ್ಪಿಸಿಕೊಳ್ಳುವ ತಪ್ಪೂ ಬೇರೆ ಇಲ್ಲ. ಫಂಕ್ಷನ್ ಹಿಂದಿರುಗಿಸುವುದು ಪ್ರಾಮಿಸ್ (ಇನ್ನೂ ಮುಗಿಯಬೇಕಾದ ಕೆಲಸದ ಗುರುತು) ಹೌದೋ ಅಲ್ಲವೋ ಎಂದು ತಿಳಿಯಲು ಲಿಂಟರ್ ಟೈಪ್‌ಗಳನ್ನು ನೋಡಬೇಕು. ಇಎಸ್‌ಲಿಂಟ್ ಜೊತೆ ಟೈಪ್‌ಸ್ಕ್ರಿಪ್ಟ್-ಇಎಸ್‌ಲಿಂಟ್ ಎಂಬ ಪ್ಯಾಕೇಜು ಸೇರಿಸಿದರೆ ಅದು ಟೈಪ್‌ಗಳನ್ನು ಲೆಕ್ಕಹಾಕುವ ಟೈಪ್‌ಸ್ಕ್ರಿಪ್ಟ್ ಕಂಪೈಲರ್‌ನನ್ನೇ ಕೇಳಿ ಹೇಳುತ್ತದೆ. ಅದು ನಿಧಾನವಾಗುವುದೂ ಅದೇ ಕಾರಣಕ್ಕೆ. ಬಯೋಮ್ 2 ಕಂಪೈಲರ್‌ನ ಹಂಗಿಲ್ಲದೆ ಟೈಪ್ ಊಹಿಸಲು 2025ರಲ್ಲಿ ಶುರು ಮಾಡಿತು. ಇಎಸ್‌ಲಿಂಟ್ ಕಡೆಯ ನಿಯಮ ಹಿಡಿಯುವ ಇಂಥ ತಪ್ಪುಗಳಲ್ಲಿ ಸುಮಾರು 75% ಸಿಗುತ್ತವೆ ಎಂದು ಆಗ ಬಯೋಮ್ ತಂಡವೇ ಹೇಳಿತ್ತು. ಉಳಿದವು ಯಾರ ಕೂಲಿಯ ಲೆಕ್ಕದಲ್ಲಿ ಬಂದು ಕೂರುತ್ತವೆ?

ಬಯೋಮ್‌ನ ಹಿಂದಿನ ಕಥೆಯನ್ನೂ ಮರೆಯಬಾರದು. ಅದು ಎದ್ದದ್ದು ರೋಮ್ ಎಂಬ ಸಾಧನ ನಿಂತುಹೋದ ಮೇಲೆ, 2023ರಲ್ಲಿ. ಎಲ್ಲವೂ ಒಂದರಲ್ಲೇ ಎಂದು ಹೇಳಿದ್ದು ರೋಮ್ ಕೂಡ. ಕೋಡ್ ತೆರೆದಿದ್ದರಿಂದ ಸ್ವಯಂಸೇವಕರು ಅದನ್ನು ಎತ್ತಿಕೊಂಡು ಉಳಿಸಿದರು, ಅದಕ್ಕೆ ಅವರಿಗೆ ನಮಸ್ಕಾರ.

ಹಾಗಾಗಿ ಹೊಸಬರ ಎಡಿಟರ್‌ನಲ್ಲಿ ಓರಣಕ್ಕೆ, ಚಿಕ್ಕಪುಟ್ಟ ತಪ್ಪಿಗೆ ಬಯೋಮ್ ಇರಲಿ. ಗಿರಾಕಿಯ ಕಡೆಗೆ ಹೊರಡುವ ಪ್ರತಿ ಆವೃತ್ತಿಯ ಮೇಲೆ ಇಎಸ್‌ಲಿಂಟ್ ಪೂರ್ತಿ ಓಡಲಿ, ಎಷ್ಟು ಹೊತ್ತು ಬೇಕೋ ತೆಗೆದುಕೊಳ್ಳಲಿ. ಘಟಕದ ಕಂಪ್ಯೂಟರ್‌ನಲ್ಲಿ ನೋಡ್‌ನ ದೀರ್ಘಾವಧಿ ಆವೃತ್ತಿಯೇ ಇರಲಿ.