ಡಿಕಾಕ್ಷನ್ ಇಳೀತಾ ಇಲ್ಲ!

ಕಾಫಿ ಪುಡಿ ಮಾರಲು ಶುರು ಮಾಡಿದ ಮೇಲೆ ನನಗೆ ಯಾರೂ ಕಾಫಿ ಕೊಡುತ್ತಿಲ್ಲ. ಮೊನ್ನೆ ಬಸವನಗುಡಿಯಲ್ಲಿ ನೆಂಟರ ಮನೆಯ ನಾಮಕರಣ. ಊಟವಾಗಿ ಸ್ವಲ್ಪ ಹೊತ್ತಿಗೆ ಎಲ್ಲರ ಕೈಗೂ ಹಬೆಯಾಡುವ ಲೋಟ ಬಂತು. ನನಗೆ ಮಾತ್ರ ಬಾದಾಮಿ ಹಾಲು! "ನಿಮಗೆ ನಮ್ಮನೆ ಕಾಫಿ ಹಿಡಿಸುತ್ತೋ ಇಲ್ವೋ ಅಂತ ಭಯ ಕಣ್ರೀ" ಅಂದರು ಮನೆಯಾಕೆ. ಪಕ್ಕದವರ ಲೋಟದ ಘಮ ಕುಡಿದು ಎದ್ದು ಬಂದೆ.

ಈ ಹುಚ್ಚು ಹತ್ತಿಸಿದ್ದೂ ಆ ಘಮವೇ. ಗಾಂಧಿ ಬಜಾರಿನಲ್ಲಿ ಪುಡಿ ಬೀಸುವ ಅಂಗಡಿ ಬಂದಾಗ ಬೇಕಂತಲೇ ನಿಧಾನ ನಡೆಯುವವರ ಪೈಕಿ ನಾನು. ಆಮೇಲೆ ಚಿಕ್ಕಮಗಳೂರು ಕಡೆಯ ತೋಟದಿಂದ ಬೀಜ ತರಿಸಿದೆ. ಬಾಣಲೆಯಲ್ಲಿ ಹುರಿದು ಮನೆ ತುಂಬ ಹೊಗೆ ಎಬ್ಬಿಸಿದೆ. ಅರೇಬಿಕಾ ಬೀಜಕ್ಕೆ ಎಷ್ಟು ರೋಬಸ್ಟಾ ಬೀಜ ಸೇರಿಸಿದರೆ ಹಾಲಿನಲ್ಲೂ ಖಡಕ್ ನಿಲ್ಲುತ್ತದೆ ಅಂತ ಮನೆಯವರ ಮೇಲೆ ಪ್ರಯೋಗ ಮಾಡಿದೆ. ಅವರು ಈಗ ಟೀ ಕುಡಿಯುತ್ತಾರೆ. ಬಾಬಾ ಬುಡನ್ ಯೆಮೆನ್‌ನಿಂದ ಏಳೇ ಏಳು ಬೀಜ ತಂದರಂತೆ, ಇವತ್ತು ದೇಶದ ಕಾಫಿಯಲ್ಲಿ ಶೇಕಡಾ 70ರಷ್ಟು ಕರ್ನಾಟಕದ್ದೇ. ಅದರಲ್ಲಿ ನಾನೂ ನಾಲ್ಕು ಕೆಜಿ ಮಾರಿದರೆ ಏನಂತೆ ಅನ್ನಿಸಿತು.

ಸುಮ್ನೆ ಹಂಚುವಾಗ "ಅಮೃತ ಕಣೇ" ಅನ್ನಿಸಿಕೊಂಡಿದ್ದ ಪುಡಿ, ರೇಟು ಹೇಳಿದ ಮರುದಿನವೇ "ಸ್ವಲ್ಪ ಕಹಿ ಜಾಸ್ತಿ ಅಲ್ವಾ?" ಆಯಿತು. ಕಾಫಿಗೆ ಬೆರೆಸುವ ಬೇರಿನ ಪುಡಿ ಇದೆಯಲ್ಲ, ಚಿಕೋರಿ, ಅದರ ವಿಷಯವಂತೂ ಕೇಳಲೇಬೇಡಿ. ಕಾನೂನು ಶೇಕಡಾ 49ರವರೆಗೆ ಬಿಟ್ಟಿದೆ, ಎಷ್ಟು ಹಾಕಿದ್ದೇವೆ ಅಂತ ಪ್ಯಾಕೆಟ್ ಮೇಲೆ ಬರೆಯಬೇಕು, ಅಷ್ಟೇ. ಆದರೂ ಕಳ್ಳಮಾಲು ವಿಚಾರಿಸುವವರ ಹಾಗೆ ದನಿ ತಗ್ಗಿಸಿ ಕೇಳುತ್ತಾರೆ. ಚಿಕೋರಿ ಬೇಡ, ಆದರೆ ಡಿಕಾಕ್ಷನ್ ಮಂದ ಬರಬೇಕು, ಬಣ್ಣ ಬರಬೇಕು, ರೇಟು ಮಾತ್ರ ಕಮ್ಮಿ ಇರಬೇಕು! ಇನ್ನೊಬ್ಬರು ಪ್ಯಾಕೆಟ್ ಊದಿಕೊಂಡಿದೆ, ಕೆಟ್ಟಿದೆ ಅಂತ ವಾಪಸ್ ತಂದರು. ಹೊಸದಾಗಿ ಹುರಿದ ಬೀಜ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಊದಿದ್ದರೆ ತಾಜಾ ಅಂತ ಅರ್ಥ ಅಂದೆ. ನನ್ನನ್ನೇ ಮೇಲಿಂದ ಕೆಳಗೆ ನೋಡಿದರು.

ಇವರೆಲ್ಲ ಪರವಾಗಿಲ್ಲ. ಕೆಳಗಿನ ಮನೆ ರಾಯರು ಇದ್ದಾರಲ್ಲ, ಅವರು ಬೇರೆಯೇ ಕತೆ. ಬ್ಯಾಂಕಿನಿಂದ ನಿವೃತ್ತರು. ತೆಗೆದುಕೊಳ್ಳುವುದು ಕಾಲು ಕೆಜಿ. ಅದರ ಜೊತೆಗೆ ನಾನೂ ಬರುತ್ತೇನೆ ಅಂದುಕೊಂಡಿದ್ದಾರೆ. ಇನ್ನೂ ಕತ್ತಲಿರುವಾಗಲೇ ಫೋನು. "ಏನಮ್ಮಾ, ನಿನ್ನ ಪುಡಿ ಡಿಕಾಕ್ಷನ್ ಇಳೀತಾನೇ ಇಲ್ವಲ್ಲ!"

ಇವತ್ತೂ ಬಂತು. ನೈಟಿ ಮೇಲೆ ದುಪ್ಪಟ್ಟಾ ಎಳೆದುಕೊಂಡು ಇಳಿದೆ. ಅಡುಗೆಮನೆ ಕಟ್ಟೆಯ ಮೇಲೆ ಹಿತ್ತಾಳೆ ಫಿಲ್ಟರು. ಎದುರಿಗೆ ಕುರ್ಚಿ ಹಾಕಿಕೊಂಡು ರಾಯರು. ಕೈಯಲ್ಲಿ ಚಮಚ. ಆ ಚಮಚದಿಂದಲೇ ಪುಡಿಯನ್ನು ಗುದ್ದಿ ಗುದ್ದಿ ಕೂರಿಸಿರುತ್ತಾರೆ. ನೀರು ಎಲ್ಲಿಂದ ಇಳಿಯಬೇಕು? "ಮೆತ್ತಗೆ ಸಮ ಮಾಡಿದ್ರೆ ಸಾಕು ರಾಯರೇ" ಅಂದರೆ, "ಒತ್ತದೇ ಇದ್ರೆ ಸಾರ ಹೇಗಮ್ಮಾ ಬರುತ್ತೆ?" ಅಂತ ನನಗೇ ಪಾಠ. ಸಾಲದ್ದಕ್ಕೆ ಮೇಲಿನ ಡಬ್ಬಿಯನ್ನು ಕೆಳಗಿನದಕ್ಕೆ ಬಿಗಿಯಾಗಿ ತುರುಕಿದ್ದಾರೆ. ಒಳಗಿನ ಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲ. ನಾನು ಒಂಚೂರು ಮೇಲೆತ್ತಿದೆ. ತೊಟ್ ತೊಟ್ ಅಂತ ಶುರುವಾಯಿತು.

"ನೋಡು, ನಿನ್ನ ಕೈಗುಣ" ಅಂದರು.

ಕೈಗುಣವಲ್ಲ, ಗಾಳಿ ಅಂತ ಎಷ್ಟು ಸಲ ಹೇಳುವುದು? ಹೇಳಿದ್ದೇನೆ. ಎತ್ತಿ ತೋರಿಸಿದ್ದೇನೆ. ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೇನೆ. ಆ ಚೀಟಿಯ ಹಿಂದೆ ಹಾಲಿನ ಲೆಕ್ಕ ಬರೆದುಕೊಂಡಿದ್ದಾರೆ. ಇಷ್ಟೆಲ್ಲ ಆದ ಮೇಲೂ "ಒಂದು ಲೋಟ ಕುಡಿದು ಹೋಗಮ್ಮಾ" ಅನ್ನುವುದಿಲ್ಲ. "ನಿಂಗೇನು, ಮನೇಲೇ ಮೂಟೆಗಟ್ಟಲೆ ಇದೆ" ಅನ್ನುತ್ತಾರೆ.

ಮೂಟೆ ಇದೆ, ನಿಜ. ಆದರೆ ಮೊದಲು ಬಾಲ್ಕನಿಯಲ್ಲಿ ಕೂತು ಕುಡಿಯುತ್ತಿದ್ದ ಆ ಬೆಳಗಿನ ಲೋಟ ಈಗ ಇಲ್ಲ. ಆಗ ಚೆನ್ನಾಗಿದೆ ಅಥವಾ ಚೆನ್ನಾಗಿಲ್ಲ, ಇಷ್ಟೇ ಇತ್ತು. ಈಗ ಮೊದಲ ಗುಟುಕಿಗೇ ಹುರಿದದ್ದು ಹೆಚ್ಚಾಯಿತಾ, ಬೀಸಿದ್ದು ನಯವಾಯಿತಾ ಅಂತ ತಲೆ ಓಡುತ್ತದೆ. ಬ್ರೆಜಿಲ್, ವಿಯೆಟ್ನಾಂನಲ್ಲಿ ಮಳೆ ಕೈಕೊಟ್ಟು ಬೀಜದ ರೇಟು ಗಗನಕ್ಕೆ ಹೋದಾಗಿನಿಂದ ಅಲ್ಲಿಯ ಹವಾಮಾನ ಬೇರೆ ನೋಡುತ್ತೇನೆ. ಇತ್ತ ನಮ್ಮ ಬಾಲ್ಕನಿಯಲ್ಲಿ ಒಣಗಿಸಿದ ಬಟ್ಟೆ ನೆನೆಯುತ್ತಿರುತ್ತದೆ. ಲೋಟ ಆರಿ ಕೆನೆ ಕಟ್ಟಿರುತ್ತದೆ.

ಇದನ್ನು ಬರೆಯುತ್ತಿರುವಾಗ ಮತ್ತೆ ರಾಯರ ಫೋನು. ಮಧ್ಯಾಹ್ನದ ಕಾಫಿಗೆ ಅವರೇ ಫಿಲ್ಟರ್ ಎತ್ತಿ ನೋಡಿದರಂತೆ.

"ಏನಮ್ಮಾ, ಈ ಸಲ ತುಂಬಾ ಬೇಗ ಇಳಿದುಬಿಡ್ತು. ಪುಡಿಯಲ್ಲೇ ಏನೋ ದೋಷ ಇರಬೇಕು. ಒಂದ್ನಿಮಿಷ ಬಂದು ಹೋಗ್ತೀಯಾ?"