ಸತ್ಯಾಂಶ: ಸೀಟು ಕಿತ್ತರೆ ಟ್ಯಾಂಕರ್ ರೆಡಿನಾ?

‘ಪ್ರಯಾಣಿಕರ ವಿಮಾನದ ಸೀಟೆಲ್ಲ ಕಿತ್ತು, ಒಳಗೆ ಇಂಧನ ತುಂಬಿದರೆ ಸೇನೆಯ ಟ್ಯಾಂಕರ್ ರೆಡಿ’ ಎಂಬ ಸಂದೇಶ ಓಡಾಡುತ್ತಿದೆ. ಟ್ಯಾಂಕರ್ ಅಂದರೆ ಹಾರುತ್ತಲೇ ಬೇರೆ ವಿಮಾನಗಳಿಗೆ ಇಂಧನ ತುಂಬಿಸುವ ವಿಮಾನ. ಈ ಸಂದೇಶ ಪೂರ್ತಿ ಸರಿಯಲ್ಲ.

ಏರ್‌ಬಸ್ ಎ330 ಎಂಆರ್‌ಟಿಟಿಯನ್ನೇ ನೋಡಿ; ಪ್ರಯಾಣಿಕರ ಎ330 ವಿಮಾನವನ್ನೇ ಮಾರ್ಪಡಿಸಿ ಮಾಡಿದ ಟ್ಯಾಂಕರ್ ಇದು. ಅದರ 111 ಟನ್ ಇಂಧನ ತುಂಬುವುದು ವಿಮಾನದ ಮಾಮೂಲಿ ಟ್ಯಾಂಕುಗಳಲ್ಲೇ. ಕ್ಯಾಬಿನ್‌ನಲ್ಲಿ ಸೈನಿಕರು ಆರಾಮಾಗಿ ಕೂರಬಹುದು. ಜಾಸ್ತಿ ಕೆಲಸ ಇರುವುದು ಹೊಸ ಪೈಪು, ವೈರಿಂಗ್, ರೆಕ್ಕೆಯಡಿ ಇಂಧನದ ಕೊಳವೆ ಬಿಡುವ ಪಾಡ್ ಎಂಬ ಸಾಧನ, ಬಾಲದಡಿಯ ಬೂಮ್ (ಇನ್ನೊಂದು ವಿಮಾನಕ್ಕೆ ಇಂಧನ ಸಾಗಿಸುವ ಗಟ್ಟಿ ಕೊಳವೆ) ಜೋಡಿಸುವುದರಲ್ಲಿ. ಬೂಮ್ ನಡೆಸುವವರು ಕಾಕ್‌ಪಿಟ್‌ನಲ್ಲಿ ಪೈಲಟ್‌ಗಳ ಹಿಂದೆ ಕೂತು, ವಿಶೇಷ ಕನ್ನಡಕ ಹಾಕಿಕೊಂಡು, 3ಡಿ ಪರದೆ ನೋಡುತ್ತಾ ಅದನ್ನು ಮೆಲ್ಲಗೆ ಸರಿಸುತ್ತಾರೆ. ಇಷ್ಟನ್ನೆಲ್ಲ ಸುಮ್ನೆ ‘ಸೀಟು ಕಿತ್ತರಾಯ್ತು’ ಅನ್ನೋದು ಅನ್ಯಾಯ, ಅಲ್ವಾ?

ಹಾಗಂತ ಈ ಮಾತಿಗೆ ಬುಡವೇ ಇಲ್ಲ ಅಂತಲ್ಲ. ಬ್ರಿಟನ್ನಿನ ಹಳೆಯ ಟ್ಯಾಂಕರ್ ವಿಸಿ10 ಕೆ3ರ ಕ್ಯಾಬಿನ್‌ನಲ್ಲಿ ನಿಜವಾಗಿಯೂ ಇಂಧನದ ಟ್ಯಾಂಕ್ ಕೂರಿಸಿದ್ದರು. ಆ ವಿಮಾನಗಳು 2013ರಲ್ಲಿ ನಿವೃತ್ತಿಯಾದವು.